ಸೊಂಟ ನೋವಿಗೆ ಆಸ್ಟಿಯೋಪತಿ: ಉಳುಕು ತೆಗೆಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಆಲ್ದೂರು ತೋಟದವ:

ಎಲ್ಲರಿಗೂ ನಮಸ್ಕಾರ. ಆಲ್ದೂರಿನ ಹತ್ತಿರ ನನ್ನದು ಐದು ಎಕರೆ ತೋಟ. ರೋಬಸ್ಟಾ ಜಾಸ್ತಿ, ಅರೇಬಿಕಾ ಸ್ವಲ್ಪ. ಸಿಲ್ವರ್ ಮರಕ್ಕೆಲ್ಲ ಮೆಣಸು ಹಬ್ಬಿಸಿದ್ದೇನೆ. ವಯಸ್ಸು 46.

ಮಾರ್ಚ್‌ನಲ್ಲಿ ಮೆಣಸು ಕೊಯ್ಯುವಾಗ ಏಣಿ ಜಾರಿತು. ಕೆಳಗೆ ಬೀಳಲಿಲ್ಲ, ಮರ ತಬ್ಬಿಕೊಂಡು ಬಚಾವಾದೆ. ಆದರೆ ಸೊಂಟದಲ್ಲಿ ಏನೋ ಛಳಕ್ ಅಂದಿತು. ಅವತ್ತಿನಿಂದ ಬಗ್ಗಿ ಗಮ್‌ಬೂಟ್ ಏರಿಸುವುದೇ ದೊಡ್ಡ ಕೆಲಸ. ಪಿಕಪ್‌ನಲ್ಲಿ ಅರ್ಧ ಗಂಟೆ ಕೂತರೆ ಇಳಿಯುವಾಗ ಪ್ರಶ್ನಾರ್ಥಕ ಚಿಹ್ನೆ ತರ ಇಳಿಯುತ್ತೇನೆ. ಈಗ ಎರಡೂವರೆ ತಿಂಗಳಾಯಿತು.

ಹಾಸನದಲ್ಲಿ ಎಮ್‌ಆರ್‌ಐ ಮಾಡಿಸಿದೆ. ಡಾಕ್ಟರು ಫಿಲಂ ಬೆಳಕಿಗೆ ಹಿಡಿದು "ಎಲ್4-ಎಲ್5, ಅಂದರೆ ಸೊಂಟದ ಕೆಳಗಿನ ಎರಡು ಮೂಳೆಗಳ ನಡುವಿನ ಡಿಸ್ಕ್ ಸ್ವಲ್ಪ ಉಬ್ಬಿದೆ, ಭಾರ ಎತ್ತಬೇಡಿ" ಅಂದರು. ಮೂರು ನಿಮಿಷದಲ್ಲಿ ಮುಗಿಯಿತು. ಬೆನ್ನು ಮುಟ್ಟಿ ಕೂಡ ನೋಡಲಿಲ್ಲ. ಮಾತ್ರೆ ನುಂಗಿ ಹೊಟ್ಟೆ ಉರಿ ಶುರುವಾಯಿತು. ಆಮೇಲೆ ಹತ್ತು ದಿನ ಫಿಸಿಯೋಥೆರಪಿ. ಅಲ್ಲಿ ಒಬ್ಬ ಹುಡುಗ ಬೆನ್ನಿಗೆ ಕರೆಂಟ್ ಪ್ಯಾಡ್ ಅಂಟಿಸಿ ಮೊಬೈಲ್ ನೋಡಿಕೊಂಡು ಕೂರುತ್ತಿದ್ದ.

ಕೊನೆಗೆ ಅಮ್ಮನ ಕಾಟ ತಡೆಯದೆ ಪಕ್ಕದ ಊರಿನ ಉಳುಕು ತೆಗೆಯುವ ಅಜ್ಜಿ ಹತ್ತಿರ ಹೋದೆ. ಕಾಲು ಮುಂದಾಗಿ ಹುಟ್ಟಿದವರು, ಕೈಗುಣ ಇದೆ ಅಂತ ಸುತ್ತಲಿನವರೆಲ್ಲ ನಂಬುತ್ತಾರೆ. ಬೆಚ್ಚಗಿನ ಹರಳೆಣ್ಣೆ ಹಚ್ಚಿ, ಹೆಬ್ಬೆರಳಲ್ಲಿ ಹುಡುಕಿ ಹುಡುಕಿ ನೀವಿದರು. "ಇಲ್ಲಿ ಗಂಟಾಗಿದೆ ಕಣೋ ಮಗ" ಅಂದರು. ಮೂರು ದಿನ ಸ್ವರ್ಗ. ನಾಲ್ಕನೇ ದಿನ ಮತ್ತೆ ಅದೇ ಹಾಡು.

ಈಗ ಇಂಗ್ಲೆಂಡಿನಲ್ಲಿರುವ ನನ್ನ ಷಡ್ಡಕ ಫೋನ್ ಮಾಡಿದಾಗಲೆಲ್ಲ "ಅಣ್ಣ, ಒಂದ್ಸಲ ಆಸ್ಟಿಯೋಪಾತ್ ಹತ್ತಿರ ತೋರಿಸಿ, ಮೂಳೆ ಸ್ನಾಯುಗಳಿಗೆ ಕೈಯಲ್ಲೇ ಚಿಕಿತ್ಸೆ ಮಾಡ್ತಾರೆ, ಇಲ್ಲಿ ನಾವೆಲ್ಲ ಹೋಗ್ತೀವಿ" ಅಂತಾನೆ. ಬೆಂಗಳೂರಿನಲ್ಲಿ ವಿಚಾರಿಸಿದರೆ ಒಂದು ಸಲಕ್ಕೆ 2,500 ರೂಪಾಯಿ. ಇದೇನು, ಇಂಗ್ಲಿಷ್ ಮಾತಾಡುವ ಉಳುಕಿನ ಅಜ್ಜಿಯಾ? ಅಷ್ಟು ದೂರ ಹೋಗಬಹುದಾ? ತಿಳಿದವರು ಹೇಳಿ. ಪ್ರಚಾರ ಬೇಡ, ಅನುಭವ ಬೇಕು.

ಕಪ್ಪುಹಲಗೆ ಟೀಚರ್, ಹಾಸನ:

"ಇಂಗ್ಲಿಷ್ ಮಾತಾಡುವ ಉಳುಕಿನ ಅಜ್ಜಿ" ಓದಿ ಒಬ್ಬಳೇ ನಕ್ಕೆ. ನಾನೂ ಹೆಚ್ಚುಕಡಿಮೆ ಹಾಗೇ ಅಂದುಕೊಂಡು ಒಳಗೆ ಹೋದವಳು.

ನಾನು 33 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಿಯಾದೆ. 2018ರಲ್ಲಿ ಮಗಳ ಬಾಣಂತನಕ್ಕೆ ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿದ್ದೆ. ಮಗುವಿಗೆ ಎಣ್ಣೆ ನೀರು ಹಾಕಿ, ಎತ್ತಿಕೊಂಡು ಓಡಾಡಿ, ತಿಂಗಳೊಳಗೆ ಬಲಗಡೆ ಕುತ್ತಿಗೆ ಹಿಡಿದುಕೊಂಡಿತು. ಯಾರಾದರೂ ಕರೆದರೆ ತಲೆ ತಿರುಗುತ್ತಿರಲಿಲ್ಲ, ಇಡೀ ಮೈ ತಿರುಗಬೇಕು. ಮಗಳು ಮನೆ ಹತ್ತಿರದ ಆಸ್ಟಿಯೋಪಾತ್ ಒಬ್ಬರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು.

ಐವತ್ತರ ಆಸುಪಾಸಿನ ಹೆಂಗಸು. ಮೊದಲ ಇಪ್ಪತ್ತು ನಿಮಿಷ ಮುಟ್ಟಲೇ ಇಲ್ಲ, ಬರೀ ಕೇಳಿದರು. ಯಾವ ಮಗ್ಗುಲಲ್ಲಿ ಮಲಗುತ್ತೀರಿ, ನೋವು ನಿದ್ದೆಯಿಂದ ಎಬ್ಬಿಸುತ್ತದಾ, ಈಚೆಗೆ ತೂಕ ಇಳಿದಿದೆಯಾ, ಜ್ವರ ಬರುತ್ತಾ, ಹಿಂದೆ ಎಲ್ಲಾದರೂ ಬಿದ್ದಿದ್ದಿರಾ. ಮಗಳು ತರ್ಜುಮೆ ಮಾಡಿ ಸುಸ್ತಾದಳು. ಆಮೇಲೆ ಎದ್ದು ನಿಲ್ಲಿಸಿ ಹಿಂದಿನಿಂದ ಸುಮ್ಮನೆ ನೋಡಿದರು. ಬಗ್ಗಿಸಿದರು, ತಿರುಗಿಸಿದರು. ಬಾಗಿಲ ಬಳಿ ಬಿಟ್ಟಿದ್ದ ನನ್ನ ಚಪ್ಪಲಿಯ ಹಿಮ್ಮಡಿ ಯಾವ ಕಡೆ ಸವೆದಿದೆ ಅಂತಲೂ ನೋಡಿದರು! ಪ್ರತಿ ಸಲ ಕೈ ಇಡುವ ಮೊದಲು "ಇಡಲಾ?" ಅಂತ ಕೇಳುತ್ತಿದ್ದರು. ಅದು ನನಗೆ ಹೊಸದು. ನಮ್ಮ ಕಡೆ ಡಾಕ್ಟರು ಒಂದೋ ಮುಟ್ಟುವುದಿಲ್ಲ, ಇಲ್ಲವೇ ಕೇಳದೆ ಮುಟ್ಟುತ್ತಾರೆ.

ನೋವು ಕುತ್ತಿಗೆಯಲ್ಲಿ. ಅವರ ಕೈ ಹೋಗಿದ್ದು ಬೆನ್ನಿನ ಮೇಲ್ಭಾಗಕ್ಕೆ, ಪಕ್ಕೆಲುಬಿಗೆ. ಮಲಗಿಸಿ, ಅಂಗೈ ನನ್ನ ಬೆನ್ನಿನ ಕೆಳಗೆ ತೂರಿಸಿ, "ಉಸಿರು ಎಳೆಯಿರಿ" ಅಂದರು. ಎಡಗಡೆ ಪಕ್ಕೆ ಏಳುತ್ತಿತ್ತು, ಬಲಗಡೆ ಮೇಲಿನ ಎರಡು ಮೂರು ಪಕ್ಕೆ ಏಳುತ್ತಲೇ ಇರಲಿಲ್ಲ. ಅವರು ಹೇಳಿದ ಮೇಲೆ ನನಗೂ ಗೊತ್ತಾಯಿತು. ಯಾವ ಕೆಲಸ ಮಾಡುತ್ತಿದ್ದಿರಿ ಅಂತ ಕೇಳಿದರು. ಬಲಗೈ ಎತ್ತಿ ಗಾಳಿಯಲ್ಲಿ ಬೋರ್ಡ್ ಮೇಲೆ ಬರೆದು ತೋರಿಸಿದೆ. "ಎಷ್ಟು ವರ್ಷ?" 33 ಅಂದೆ. ಅವರು ಏನೂ ಹೇಳಲಿಲ್ಲ, ತಲೆ ಆಡಿಸಿದರು ಅಷ್ಟೇ.

ನಾನು ಲಟಲಟ ಅನ್ನಿಸುತ್ತಾರೆ ಅಂತ ಕಣ್ಣು ಮುಚ್ಚಿ ಕಾಯುತ್ತಿದ್ದೆ. ಅದು ಯಾವುದೂ ಇಲ್ಲ. ನನ್ನ ಭುಜ ಹಿಡಿದು "ನನ್ನ ಕೈಯನ್ನು ಮೆಲ್ಲಗೆ ತಳ್ಳಿ" ಅಂದರು. ಐದು ಎಣಿಸುವಷ್ಟು ಹೊತ್ತು ತಳ್ಳಿ ಬಿಟ್ಟೆ. ಬಿಟ್ಟ ಕೂಡಲೇ ಸ್ನಾಯು ಸಡಿಲವಾಗುತ್ತದಲ್ಲ, ಆಗ ಭುಜವನ್ನು ಇನ್ನೊಂಚೂರು ಮುಂದೆ ಒಯ್ದರು. ಮತ್ತೆ ತಳ್ಳು, ಮತ್ತೆ ಬಿಡು. ಹೀಗೆ ಮೂರು ಸಲ. ಎದ್ದು ಕೂತು ಕಿಟಕಿ ಕಡೆ ತಲೆ ತಿರುಗಿಸಿದೆ. ತಿರುಗಿತು. ಪೂರ್ತಿ ಅಲ್ಲ, ಮುಕ್ಕಾಲು. ಹೊರಗೆ ಮಳೆ ಬರುತ್ತಿತ್ತು ಅಂತ ಆಗಲೇ ಗೊತ್ತಾಗಿದ್ದು.

ಇನ್ನು ಇದರ ಹಿನ್ನೆಲೆ. ಟೀಚರ್ ಬುದ್ಧಿ ಎಲ್ಲಿ ಬಿಡುತ್ತೆ, ವಾಪಸ್ ಬಂದು ಓದಿಕೊಂಡೆ.

ಇದನ್ನು ಶುರು ಮಾಡಿದವರು ಆಂಡ್ರ್ಯೂ ಟೇಲರ್ ಸ್ಟಿಲ್ ಅಂತ ಅಮೆರಿಕದ ಡಾಕ್ಟರು. ಹುಟ್ಟಿದ್ದು 1828ರಲ್ಲಿ. ಚಿಕ್ಕ ಹುಡುಗನಾಗಿದ್ದಾಗ ಅವರಿಗೆ ತಲೆನೋವು ಬರುತ್ತಿತ್ತಂತೆ. ಒಂದು ದಿನ ಅಪ್ಪನ ನೇಗಿಲಿನ ಹಗ್ಗ ತಂದು ಎರಡು ಮರಗಳ ನಡುವೆ ಉಯ್ಯಾಲೆ ಕಟ್ಟಿದರು. ಆಡಲು ಆಗದಷ್ಟು ತಲೆ ಸಿಡಿಯುತ್ತಿತ್ತು. ಹಗ್ಗವನ್ನು ನೆಲದಿಂದ ಗೇಣುದ್ದಕ್ಕೆ ಇಳಿಸಿ, ಮೇಲೆ ಕಂಬಳಿ ಹಾಕಿ, ಕುತ್ತಿಗೆ ಅದರ ಮೇಲಿಟ್ಟು ಮಲಗಿದರು. ನಿದ್ದೆ ಬಂತು. ಎದ್ದಾಗ ತಲೆನೋವು ಇಲ್ಲ. ದೊಡ್ಡವರಾದ ಮೇಲೂ ಇದನ್ನು ಹೇಳಿಕೊಳ್ಳುತ್ತಿದ್ದರು.

ಆದರೆ ಅವರ ದಾರಿ ಬದಲಾಯಿಸಿದ್ದು ಆ ಹಗ್ಗ ಒಂದೇ ಅಲ್ಲ. 1864ರಲ್ಲಿ ಮಿದುಳು ಜ್ವರಕ್ಕೆ ಮನೆಯ ಮೂರು ಮಕ್ಕಳು ಹೋದರು. ತಾವೇ ಡಾಕ್ಟರು, ಕೈಯಲ್ಲಿ ಏನೂ ಆಗಲಿಲ್ಲ. ಅದು ರಕ್ತ ಹರಿಸುವ, ಪಾದರಸದ ಔಷಧಿ ಕೊಟ್ಟು ರೋಗಿಯ ಹಲ್ಲು ಉದುರಿಸುವ ಕಾಲ. ಈ ಔಷಧಿಗಳ ಸಹವಾಸವೇ ಬೇಡ, ದೇಹದ ರಚನೆಯನ್ನೇ ಓದೋಣ ಅಂತ ಹೊರಟರು. 1874ರ ಜೂನ್ 22ರಂದು ತಮ್ಮ ಪದ್ಧತಿಯನ್ನು ಸಾರಿದರು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಅನ್ನುವ ಊರಿನಲ್ಲಿ ಮೊದಲ ಶಾಲೆ. ಮೊದಲ ತಂಡದಲ್ಲೇ ಹೆಂಗಸರಿಗೂ ಸೀಟು ಕೊಟ್ಟಿದ್ದರು. ಅದು ನನಗೆ ಇಷ್ಟವಾಯಿತು.

ಅವರು ಹೇಳಿದ್ದರ ತಿರುಳು ಇಷ್ಟು. ದೇಹ ಒಂದೇ, ಬಿಡಿಬಿಡಿ ಭಾಗಗಳ ಗಂಟಲ್ಲ. ಒಂದು ಅಂಗದ ಆಕಾರ ಕೆಟ್ಟರೆ ಕೆಲಸ ಕೆಡುತ್ತದೆ, ಕೆಲಸ ಕೆಟ್ಟರೆ ಆಕಾರವೂ ಕೆಡುತ್ತದೆ. ನನ್ನ ಬೋರ್ಡು ಮತ್ತು ಪಕ್ಕೆಲುಬು ನೆನಪಿಸಿಕೊಳ್ಳಿ. ಮತ್ತೆ, ವಾಸಿ ಮಾಡಿಕೊಳ್ಳುವ ಶಕ್ತಿ ದೇಹಕ್ಕೇ ಇದೆ. ಕೈ ಮಾಡಬೇಕಾದ್ದು ಅಡ್ಡ ಇರುವುದನ್ನು ಸರಿಸುವುದು, ರಕ್ತ ಓಡಾಟಕ್ಕೆ ದಾರಿ ಬಿಡುವುದು.

ನಿಮ್ಮ ಅಜ್ಜಿಗೂ ಸ್ಟಿಲ್‌ಗೂ ಇರುವ ವ್ಯತ್ಯಾಸ ನನಗೆ ಕಾಣುವುದು ಇಲ್ಲಿ. ನಾವು ಕೈಗುಣ ಅಂತೀವಿ. ಹುಟ್ಟಿನಿಂದ ಬಂದಿದ್ದು, ಕಾಲು ಮುಂದಾಗಿ ಬಂದವರಿಗೆ ಮಾತ್ರ, ಇನ್ನೊಬ್ಬರಿಗೆ ಹೇಳಿಕೊಟ್ಟರೆ ಹೋಗುತ್ತದೆ ಅಂತೆಲ್ಲ. ಸ್ಟಿಲ್ ಆ ಕೈಗುಣವನ್ನು ಕ್ಲಾಸ್‌ರೂಮಿಗೆ ತಂದರು. ಮೂಳೆ ಕಲಿ, ಸ್ನಾಯು ಕಲಿ, ಬೆರಳಿಗೆ ಅಭ್ಯಾಸ ಮಾಡಿಸು, ನಿನಗೂ ಬರುತ್ತದೆ ಅಂದರು. ಶಿಷ್ಯ ಲಿಟಲ್‌ಜಾನ್ ಅದನ್ನು ಲಂಡನ್‌ಗೆ ಒಯ್ದು 1917ರಲ್ಲಿ ಶಾಲೆ ತೆರೆದರು. ಇಂಗ್ಲೆಂಡಿನಲ್ಲಿ 1993ರ ಕಾಯ್ದೆ ಇದೆ. ನೋಂದಣಿ ಇಲ್ಲದೆ ಆಸ್ಟಿಯೋಪಾತ್ ಅಂತ ಬೋರ್ಡ್ ಹಾಕಿದರೆ ಅಪರಾಧ. ನಿಮ್ಮ ಷಡ್ಡಕ ಧೈರ್ಯವಾಗಿ ಹೋಗುವುದು ಅದಕ್ಕೆ.

ಹಾಗಂತ ಸ್ಟಿಲ್ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ಹೆಚ್ಚುಕಡಿಮೆ ಎಲ್ಲ ಕಾಯಿಲೆಯ ಬೇರೂ ಮೂಳೆ ಸ್ನಾಯುಗಳಲ್ಲೇ ಇದೆ ಅನ್ನುವಲ್ಲಿಗೆ ಹೋಗಿಬಿಟ್ಟಿದ್ದರು. ಕ್ಲಾಸಿನಲ್ಲಿ ಬ್ಯಾಕ್ಟೀರಿಯಾ ಪಾಠ ಮಾಡಿದ ನನಗೆ ಅದು ಗಂಟಲಲ್ಲಿ ಇಳಿಯುವುದಿಲ್ಲ.

ಹಾಸನ ಫಿಸಿಯೋ:

ಮೊದಲು ಆ ಮೊಬೈಲ್ ಹುಡುಗನ ಪರವಾಗಿ ಕ್ಷಮೆ ಕೇಳುತ್ತೇನೆ. ಆ ತರದವರಿಂದಲೇ ನಮ್ಮ ಹೆಸರು ಹಾಳು. ಪ್ಯಾಡ್ ಅಂಟಿಸುವುದು ಫಿಸಿಯೋಥೆರಪಿ ಅಲ್ಲ ಸಾರ್.

ಟೀಚರ್ ಮೇಡಂ ಹೇಳಿದ "ತಳ್ಳು, ಬಿಡು" ವಿಧಾನಕ್ಕೆ ಮಸಲ್ ಎನರ್ಜಿ ಅಂತ ಹೆಸರು. ಹುಟ್ಟಿದ್ದು ಆಸ್ಟಿಯೋಪತಿಯಲ್ಲಿ, ಈಗ ನಾವೂ ಕಲಿಯುತ್ತೇವೆ, ದಿನಾ ಮಾಡುತ್ತೇವೆ. ಹಾಗಾಗಿ ಕೆಲಸ ಗೊತ್ತಿರುವ ಫಿಸಿಯೋ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಸಿಕ್ಕರೆ ಬೆಂಗಳೂರು ಕಡ್ಡಾಯವೇನಲ್ಲ.

ಕೈರೋಪ್ರಾಕ್ಟಿಕ್ ಜೊತೆ ಇದನ್ನು ಗೊಂದಲ ಮಾಡಿಕೊಳ್ಳಬೇಡಿ. ಅದೂ ಕೈಚಿಕಿತ್ಸೆಯೇ, ಆದರೆ 1895ರಲ್ಲಿ ಪಾಮರ್ ಅನ್ನುವವರು ಶುರು ಮಾಡಿದ್ದು, ಗಮನ ಜಾಸ್ತಿ ಬೆನ್ನುಮೂಳೆಯ ಮೇಲೆ. ಯೂಟ್ಯೂಬಿನಲ್ಲಿ ಮೈಕ್ ಇಟ್ಟು ಲಟಲಟ ಕೇಳಿಸುತ್ತಾರಲ್ಲ, ಬಹಳಷ್ಟು ಆ ಕಡೆಯದು. ಆ ಸದ್ದಿಗೆ ಮರುಳಾಗಬೇಡಿ. ಮೂಳೆ ಜಾಗಕ್ಕೆ ಕೂತ ಸದ್ದಲ್ಲ ಅದು. ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆಯಿಂದ ಆಗುವುದು. ಬೆರಳಿನ ನೆಟಿಕೆ ಮುರಿದಾಗ ಆಗುವುದೂ ಅದೇ.

ನಿಮ್ಮ ಎಮ್‌ಆರ್‌ಐ ವಿಷಯ. ಡಿಸ್ಕ್ ಉಬ್ಬಿದೆ ಅಂದ ಕೂಡಲೇ ಜೀವ ಹೋದವರ ತರ ಆಡುವವರನ್ನು ದಿನಾ ನೋಡುತ್ತೇನೆ. ಒಂಚೂರೂ ನೋವಿಲ್ಲದ ನಲವತ್ತರ ಪ್ರಾಯದವರನ್ನು ಸ್ಕ್ಯಾನ್ ಮಾಡಿದರೂ ಸುಮಾರು ಅರ್ಧ ಜನಕ್ಕೆ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ತಲೆಕೂದಲು ಬೆಳ್ಳಗಾದ ಹಾಗೆ ಅದೂ. ನಿಮ್ಮ ನೋವಿಗೆ ಅದೇ ಕಾರಣ ಅಂತ ಫಿಲಂ ನೋಡಿ ಮಾತ್ರ ಹೇಳಲು ಆಗುವುದಿಲ್ಲ.

ಸೊಂಟ ನೋವಿಗೆ ಕೈಚಿಕಿತ್ಸೆ ಕೆಲಸ ಮಾಡುತ್ತದೆ, ಆದರೆ ಬೇರೆ ಒಳ್ಳೆ ಚಿಕಿತ್ಸೆಗಳಷ್ಟೇ, ಮಂತ್ರ ಏನಿಲ್ಲ. ವ್ಯಾಯಾಮ ಜೊತೆಗಿರಬೇಕು. ಅಸ್ತಮಾ, ಹಸುಗೂಸಿನ ಹೊಟ್ಟೆನೋವು ಎಲ್ಲ ಕೈಯಲ್ಲೇ ವಾಸಿ ಮಾಡುತ್ತೇವೆ ಅಂದರೆ ನಂಬಬೇಡಿ. ತಲೆಬುರುಡೆ ಮೇಲೆ ಮೆಲ್ಲಗೆ ಕೈ ಇಟ್ಟು ಒಳಗಿನ ಲಯ ತಿಳಿಯುತ್ತೇವೆ ಅಂತ ಹೇಳುವ ಕ್ರೇನಿಯಲ್ ಅನ್ನುವ ಶಾಖೆ ಇದೆ. ಸದರ್ಲೆಂಡ್ ಅಂತ ಸ್ಟಿಲ್ ಶಾಲೆಯಲ್ಲಿ ಓದಿದವರು ಶುರು ಮಾಡಿದ್ದು. ಒಂದೇ ತಲೆ ಮೇಲೆ ಇಬ್ಬರು ಕೈ ಇಟ್ಟರೆ ಇಬ್ಬರ ಎಣಿಕೆ ತಾಳೆ ಆಗುವುದಿಲ್ಲ. ನಾನಂತೂ ಅದಕ್ಕೆ ದುಡ್ಡು ಕೊಡುವುದಿಲ್ಲ.

ಇನ್ನೊಂದು ಮುಖ್ಯ. ಅಮೆರಿಕದಲ್ಲಿ ಆಸ್ಟಿಯೋಪತಿ ಓದಿದವರು ಪೂರ್ಣ ಡಾಕ್ಟರು, ಔಷಧಿ ಬರೆಯುತ್ತಾರೆ, ಆಪರೇಷನ್ನೂ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ ಕೈಚಿಕಿತ್ಸೆ ಮಾತ್ರ. ನಮ್ಮಲ್ಲಿ ಒಡಿಶಾದ ಕಟಕ್ ಹತ್ತಿರ ಒಂದು ವಿಶ್ವವಿದ್ಯಾಲಯದಲ್ಲಿ ಕೋರ್ಸ್ ಇದೆ, ಆದರೆ ಇಂಗ್ಲೆಂಡಿನ ತರ ಇದಕ್ಕೇ ಅಂತ ಪ್ರತ್ಯೇಕ ಕೌನ್ಸಿಲ್ ಇಲ್ಲ. ವಾರದ ಕ್ಯಾಂಪಿಗೆ ಹೋಗಿಬಂದವರೂ ಬೋರ್ಡ್ ಹಾಕುತ್ತಾರೆ. ಮೂಲ ಓದು ಏನು ಅಂತ ಬಾಯಿಬಿಟ್ಟು ಕೇಳಿ. ಮೊದಲ ದಿನವೇ ಹತ್ತು ಸಲದ ಪ್ಯಾಕೇಜ್ ಮಾರಿದರೆ ಎದ್ದು ಬನ್ನಿ. ಕುತ್ತಿಗೆಯನ್ನು ಫಟ್ ಅಂತ ತಿರುಗಿಸಲು ಬಿಡಬೇಡಿ, ಅಪರೂಪಕ್ಕೆ ರಕ್ತನಾಳಕ್ಕೆ ಪೆಟ್ಟಾಗುತ್ತದೆ.

ಕಾಲು ಸೋಲುವುದು, ತೊಡೆಸಂದಿ ಜೋಮು ಹಿಡಿಯುವುದು, ಮೂತ್ರ ಕಟ್ಟುವುದು ಅಥವಾ ಗೊತ್ತಿಲ್ಲದೆ ಹೋಗುವುದು, ಇವುಗಳಲ್ಲಿ ಒಂದು ಕಂಡರೂ ಯಾರ ಕೈಗೂ ಬೆನ್ನು ಕೊಡಬೇಡಿ. ಅವತ್ತೇ ದೊಡ್ಡಾಸ್ಪತ್ರೆ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೂ ಮೊದಲು ಡಾಕ್ಟರು.

ಮೂಡಿಗೆರೆ ಹುಡುಗ:

ನಮ್ಮ ತಾತ ಮೂಳೆ ಕಟ್ಟುತ್ತಿದ್ದರು. ಬಿದಿರು ದಬ್ಬೆ, ಮೊಟ್ಟೆ ಬಿಳಿ, ಹಳೇ ಪಂಚೆ. ಪುತ್ತೂರು ಕಟ್ಟು ಅಂತ ರಸ್ತೆ ರಸ್ತೆಯಲ್ಲಿ ಬೋರ್ಡ್ ಬರುವ ಮೊದಲಿನ ಮಾತು. ಕೈ ಮುರಿದವರನ್ನು ತಾತ ಮೊದಲು ಜಗಲಿ ಮೇಲೆ ಕೂರಿಸಿ ಕಾಫಿ ಕೊಡಿಸುತ್ತಿದ್ದರು. ಊರು ಯಾವುದು, ಮಳೆ ಹೇಗಿದೆ, ಮಗಳ ಮದುವೆ ಆಯಿತಾ ಅಂತ ಮಾತಾಡಿಸುತ್ತಾ ಮಾತಾಡಿಸುತ್ತಾ ಎಳೆದುಬಿಡುತ್ತಿದ್ದರು. ಅರ್ಧ ವಾಸಿ ಆ ಮಾತಿನಲ್ಲೇ ಆಗುತ್ತಿತ್ತು ಅಂತ ಅಜ್ಜಿ ಹೇಳುತ್ತಾರೆ. ಉಳಿದರ್ಧ ಎಲ್ಲ ಸಲವೂ ಆಗುತ್ತಿರಲಿಲ್ಲ ಅನ್ನುವುದೂ ನಿಜ. ನಮ್ಮ ಚಿಕ್ಕಪ್ಪನ ಮೊಣಕೈ ಇವತ್ತಿಗೂ ಪೂರ್ತಿ ನೆಟ್ಟಗಾಗಲ್ಲ, ಕಟ್ಟಿದ್ದು ತಾತನೇ.

ಆ ಟೀಚರ್ ಹೇಳಿದ ಇಪ್ಪತ್ತು ನಿಮಿಷದ ಪ್ರಶ್ನೆಗಳಿಗೇ 2,500ರಲ್ಲಿ ಸಾವಿರ ಕೊಡಬಹುದು ಮಾರಾಯ್ರೆ.

ಆಲ್ದೂರು ತೋಟದವ:

ಮೂರು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಬೆಂಗಳೂರಿನಲ್ಲಿ ತಂಗಿ ಮಗುವಿನ ನಾಮಕರಣ ಇತ್ತು. ಹೇಗೂ ಹೋಗಲೇಬೇಕು ಅಂತ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಮೂಲ ಓದು ಏನು ಅಂತ ಕೇಳಿದೆ, ಸಂಕೋಚ ಆಯಿತು ಆದರೂ ಕೇಳಿದೆ. ಮೊದಲು ಫಿಸಿಯೋಥೆರಪಿ ಡಿಗ್ರಿ, ಆಮೇಲೆ ಆಸ್ಟಿಯೋಪತಿ ಅಂದರು. ಬೇಜಾರು ಮಾಡಿಕೊಳ್ಳಲಿಲ್ಲ.

ಟೀಚರ್ ಹೇಳಿದ ಹಾಗೇ ಆಯಿತು. ನನ್ನ ಸೊಂಟಕ್ಕೆ ಅವರು ಕೈ ಹಾಕಿದ್ದು ಕೊನೆಗೆ. ಅಂಗಾತ ಮಲಗಿಸಿ, ಮಂಡಿ ಮಡಚಿ, ಎಡಗಾಲನ್ನು ಒಳಕ್ಕೆ ಹೊರಕ್ಕೆ ತಿರುಗಿಸಿದರು. ಸಲೀಸಾಗಿ ತಿರುಗಿತು. ಬಲಗಾಲು ಒಳಕ್ಕೆ ತಿರುಗಿಸಿದರೆ ಅರ್ಧಕ್ಕೆ ಚಿಲಕ ಹಾಕಿದ ಹಾಗೆ ನಿಂತಿತು. ಬಲಗಡೆ ಯಾವ ಕೆಲಸ ಜಾಸ್ತಿ ಅಂದರು. ಯೋಚನೆ ಮಾಡಿದೆ. ಕಳೆ ಹೊಡೆಯುವ ಮೆಷಿನ್! ಮಳೆಗಾಲದಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಬಲಗಡೆಗೆ ನೇತು ಹಾಕಿಕೊಂಡು, ಬಲಗಾಲು ಊರಿ, ಸೊಂಟ ತಿರುಗಿಸಿ ತಿರುಗಿಸಿ ಹೊಡೆಯುತ್ತೇನೆ. ಎಂಟು ವರ್ಷದಿಂದ. "ಕೆಳಗಿನ ಕೀಲು ತಿರುಗದಿದ್ದರೆ ಅದರ ಪಾಲನ್ನೂ ಸೊಂಟ ತಿರುಗಬೇಕಾಗುತ್ತೆ, ಏಣಿ ಜಾರಿದ್ದು ಒಂದು ನೆಪ ಇರಬಹುದು" ಅಂದರು. ಹೌದೋ ಅಲ್ಲವೋ, ಇಷ್ಟು ದಿನದಲ್ಲಿ ನನ್ನ ನೋವಿಗೆ ಒಂದು ಕಥೆ ಹೇಳಿದವರು ಇವರೊಬ್ಬರೇ. ಡಾಕ್ಟರು ಹೇಳಿದ್ದು ಒಂದು ನಂಬರ್.

ಸುಮಾರು ಮುಕ್ಕಾಲು ಗಂಟೆ ಕೈಕೆಲಸ. ಒಂದು ಸಲ ಬೆನ್ನಿನ ನಡುವೆ ನೆಟಿಕೆ ತರ ಸದ್ದು ಬಂತು. ಫಿಸಿಯೋ ಸಾರ್ ಹೇಳಿದ್ದು ನೆನಪಾಗಿ ಖುಷಿಪಡಲಿಲ್ಲ. ಮಾರನೇ ದಿನ ಹೊಡೆಸಿಕೊಂಡವನ ಹಾಗೆ ಮೈಕೈ ನೋವು. ಎರಡು ದಿನ ಬಿಟ್ಟು ಹಗುರಾಯಿತು. ಹತ್ತಕ್ಕೆ ಏಳು ಇದ್ದ ನೋವು ಈಗ ನಾಲ್ಕು. ಪ್ಯಾಕೇಜ್ ಮಾತು ಬರಲಿಲ್ಲ. ಎರಡು ವ್ಯಾಯಾಮ ಹೇಳಿಕೊಟ್ಟು, ತಿಂಗಳು ಮಾಡಿ, ಬೇಕಾದರೆ ಬನ್ನಿ ಅಂದರು. ಬೆಳಿಗ್ಗೆ ಕಾಫಿ ಕಣದಲ್ಲಿ ಚಾಪೆ ಹಾಸಿಕೊಂಡು ಮಾಡುತ್ತೇನೆ. ಆಳುಗಳು ನಗುತ್ತಾರೆ, ನಗಲಿ.

ಅಜ್ಜಿಗೆ ವಿಷಯ ಮುಟ್ಟಿದೆ. ಸಂತೆಯಲ್ಲಿ ಸಿಕ್ಕವರು ಅಲ್ಲೇ ನನ್ನ ಬಲಗಡೆ ಚಪ್ಪೆಗೆ ಹೆಬ್ಬೆರಳು ಒತ್ತಿ, "ಎಷ್ಟು ಕೊಟ್ಟೆ?" ಅಂತ ಕೇಳಿದರು. ಹೇಳಲಿಲ್ಲ.

ಹಾಸನ ಫಿಸಿಯೋ:

ನಾಲ್ಕಕ್ಕೆ ಇಳಿದಿದ್ದು ಒಳ್ಳೆಯದಾಯಿತು. ವ್ಯಾಯಾಮ ಬಿಡಬೇಡಿ. ಕಳೆ ಮೆಷಿನ್‌ಗೆ ಒಂದೇ ಭುಜದ ಬೆಲ್ಟ್ ಹಾಕುತ್ತಿದ್ದೀರಾ?

ಆಲ್ದೂರು ತೋಟದವ:

ಹೌದು ಸಾರ್. ಮೆಷಿನ್ ಜೊತೆ ಎರಡು ಭುಜದ್ದು ಕೊಟ್ಟಿದ್ದರು. ಸೆಕೆ ಅಂತ ಬಿಚ್ಚಿ ಗೋಡೌನಿನಲ್ಲಿ ಎಸೆದಿದ್ದೆ. ಹುಡುಕಿದೆ. ಇಲಿ ಒಂದು ಪಟ್ಟಿ ಕಡಿದುಹಾಕಿದೆ, ನಾಳೆ ಚಪ್ಪಲಿ ಹೊಲಿಯುವವರ ಹತ್ತಿರ ಕೊಡಬೇಕು.

ಕಪ್ಪುಹಲಗೆ ಟೀಚರ್, ಹಾಸನ:

ದಪ್ಪ ನೈಲಾನ್ ದಾರದಲ್ಲಿ ಎರಡು ಸಾಲು ಹೊಲಿಸಿ. ಮತ್ತೆ ಅಜ್ಜಿಗೆ 2,500 ಅಂತ ಯಾವತ್ತೂ ಹೇಳಬೇಡಿ, ಅವರೂ ರೇಟ್ ಏರಿಸಿಬಿಡುತ್ತಾರೆ.